ಒಂದೇ ತುಂಡಿನ ರಾಕೆಟ್ ಎಂಜಿನ್ ಬಂದ ಮೇಲೂ ಬ್ರೇಜಿಂಗ್ ಕುಲುಮೆ ಏಕೆ ಬೇಕು?

ಮೂರು ಸುದ್ದಿ, ಒಂದು ಗೊಂದಲ

2024ರ ಏಪ್ರಿಲ್ 16ರಂದು ಇಸ್ರೊ, ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತಕ್ಕೆ ಕಾರ್ಬನ್-ಕಾರ್ಬನ್ (ಇಂಗಾಲದ ನಾರನ್ನು ಇಂಗಾಲದಲ್ಲೇ ಬಿಗಿದ ವಸ್ತು) ನಾಜಲ್, ಅಂದರೆ ಉರಿದ ಅನಿಲ ಹೊರನುಗ್ಗುವ ಗಂಟೆಯಾಕಾರದ ಬಾಯಿ, ತಯಾರಿಸಿದ ಸುದ್ದಿ ಕೊಟ್ಟಿತು. ಮೇ 9ರಂದು ಅದೇ ನಾಲ್ಕನೇ ಹಂತದ ಪಿಎಸ್4 ಎಂಜಿನ್ನನ್ನು ತ್ರೀಡಿ ಪ್ರಿಂಟ್ ಮಾಡಿಸಿ 665 ಸೆಕೆಂಡ್ ಉರಿಸಿತು. ಮೇ 30ರಂದು ಚೆನ್ನೈನ ಅಗ್ನಿಕುಲ್ ಕಂಪನಿ ಒಂದೇ ತುಂಡಾಗಿ ಪ್ರಿಂಟ್ ಮಾಡಿದ ಎಂಜಿನ್ನಿಂದ ಶ್ರೀಹರಿಕೋಟದಲ್ಲಿ ರಾಕೆಟ್ ಹಾರಿಸಿತು. ಮೂರೂ ಒಳ್ಳೆಯ ಸುದ್ದಿ. ಆದರೆ ಒಂದರ ಪಕ್ಕ ಒಂದಿಟ್ಟು ಓದಿದವರಿಗೆ ತಲೆ ಕೆಡುತ್ತದೆ. ಒಂದು ಕಡೆ ನಾಜಲ್ಲಿಗೆ ಲೋಹವೇ ಬೇಡ ಎನ್ನುತ್ತಾರೆ, ಇನ್ನೊಂದು ಕಡೆ ಲೋಹದ ಪುಡಿಯಿಂದ ಇಡೀ ಎಂಜಿನ್ ಮಾಡುತ್ತಾರೆ. ಅದಕ್ಕೂ ಮೊದಲು, 2022ರ ಸೆಪ್ಟೆಂಬರ್ 27ರಂದು, ಬೆಂಗಳೂರಿನಲ್ಲಿ ಎಚ್‌ಎಎಲ್‌ನ 208 ಕೋಟಿ ರೂಪಾಯಿಯ ಕ್ರಯೋಜೆನಿಕ್ (ಅತಿ ತಣ್ಣನೆಯ ದ್ರವ ಇಂಧನದ) ಎಂಜಿನ್ ಘಟಕವನ್ನು ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದ್ದರು. ಪ್ರಿಂಟರ್ ಇದ್ದರೆ ಸಾಕು ಅನ್ನುವುದಾದರೆ ಅಷ್ಟು ಯಂತ್ರಗಳೇಕೆ?

ಕೊಡಗಿನಿಂದ ಮೆಕ್ಯಾನಿಕಲ್ ಓದಿ ಬೆಂಗಳೂರಿಗೆ ಹೊರಡುವ ಮಕ್ಕಳಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮಿಲ್ಲಿಂಗ್ (ತಿರುಗುವ ಕಟರಿನಿಂದ ಲೋಹ ಕೊರೆಯುವುದು), ವೆಲ್ಡಿಂಗ್ ಕಲಿಯಬೇಕೋ, ಪ್ರಿಂಟಿಂಗ್ ಕಲಿಯಬೇಕೋ ಎಂದು ತೀರ್ಮಾನಿಸುವಾಗ ಎದುರಾಗುವ ಪ್ರಶ್ನೆ. ಉತ್ತರ ಇರುವುದು ಯಂತ್ರದಲ್ಲಲ್ಲ, ಎಂಜಿನ್ನಿನ ಗೋಡೆಗೆ ಬಡಿಯುವ ಶಾಖದಲ್ಲಿ. ಅಲ್ಲಿಂದಲೇ ಶುರು ಮಾಡಬೇಕು.

ಉಗುರಿನಗಲದ ಜಾಗಕ್ಕೆ ಐದು ಒಲೆ

ರಾಕೆಟ್ ಎಂಜಿನ್ನಿನ ಒಳಗಿನ ಅನಿಲ 3000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ತಾಮ್ರ 1085 ಡಿಗ್ರಿಗೆ ಕರಗುತ್ತದೆ, ಇನ್‌ಕೊನೆಲ್ ಎಂಬ ನಿಕಲ್ ಮಿಶ್ರಲೋಹ ಸುಮಾರು 1300ಕ್ಕೆ. ದಹನ ಕೋಣೆಯಿಂದ ಹೊರಟ ಅನಿಲ ನಾಜಲ್ಲಿನ ಸಣ್ಣ ಸೊಂಟದಲ್ಲಿ, ಅಂದರೆ ಕಂಠದಲ್ಲಿ, ಇಕ್ಕಟ್ಟಾಗಿ ನುಗ್ಗುತ್ತದೆ. ಚದರ ಸೆಂಟಿಮೀಟರ್‌ಗೆ ಅತಿ ಹೆಚ್ಚು ಅನಿಲ ಹಾಯುವುದು ಅಲ್ಲೇ, ಹಾಗಾಗಿ ಗೋಡೆಗೆ ಅತಿ ಹೆಚ್ಚು ಶಾಖ ತಗಲುವುದೂ ಅಲ್ಲೇ. ದೊಡ್ಡ ಎಂಜಿನ್‌ಗಳಲ್ಲಿ ಇದು ಚದರ ಸೆಂಟಿಮೀಟರ್‌ಗೆ 10 ಕಿಲೋವ್ಯಾಟ್ ದಾಟುತ್ತದೆ. ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ ಐದು ಇಂಡಕ್ಷನ್ ಒಲೆಗಳ ಪೂರ್ಣ ಉರಿ ಎಂದುಕೊಳ್ಳಿ.

ಇದನ್ನು ತಡೆಯಲು ಗೋಡೆಯನ್ನು ಎರಡು ಪದರ ಮಾಡಿ, ನಡುವೆ ಸಣ್ಣ ಸಣ್ಣ ಕಾಲುವೆಗಳಲ್ಲಿ ಇಂಧನವನ್ನೇ ಹರಿಸುತ್ತಾರೆ. ಉರಿಯುವ ಮೊದಲು ಇಂಧನ ಗೋಡೆಯನ್ನು ತಣಿಸುತ್ತದೆ, ಆ ಶಾಖವನ್ನು ಹೊತ್ತುಕೊಂಡೇ ದಹನ ಕೋಣೆಗೆ ಹೋಗುತ್ತದೆ. ಪಂಪ್‌ಸೆಟ್ಟಿನ ರೇಡಿಯೇಟರ್ ಗಾಳಿಗೆ ಬಿಟ್ಟುಬಿಡುವ ಶಾಖವನ್ನು ಇಲ್ಲಿ ವಾಪಸ್ ಒಲೆಗೇ ಹಾಕಿದಂತೆ.

ಈಗ ಒಂದು ಲೆಕ್ಕ. ಒಳಗೋಡೆ 0.7 ಮಿಲಿಮೀಟರ್ ದಪ್ಪ, ಶಾಖ ಚದರ ಸೆಂಟಿಮೀಟರ್‌ಗೆ 10 ಕಿಲೋವ್ಯಾಟ್ ಎಂದಿಟ್ಟುಕೊಳ್ಳೋಣ. ಒಳ್ಳೆಯ ತಾಮ್ರದ ಮಿಶ್ರಲೋಹವಾದರೆ ಗೋಡೆಯ ಬಿಸಿ ಬದಿಗೂ ತಣ್ಣನೆಯ ಬದಿಗೂ ಸುಮಾರು 220 ಡಿಗ್ರಿ ವ್ಯತ್ಯಾಸ ಬರುತ್ತದೆ. ಅದೇ ದಪ್ಪದ ಇನ್‌ಕೊನೆಲ್ ಆದರೆ ಲೆಕ್ಕ 3000 ಡಿಗ್ರಿ ದಾಟುತ್ತದೆ, ಅಂದರೆ ಗೋಡೆ ಅದಕ್ಕೂ ಎಷ್ಟೋ ಮೊದಲೇ ಕರಗಿಹೋಗಿರುತ್ತದೆ. ಶಾಖ ಇದರ ಹತ್ತನೇ ಒಂದು ಭಾಗವಿದ್ದರೆ ಇನ್‌ಕೊನೆಲ್‌ನ ವ್ಯತ್ಯಾಸ ಸುಮಾರು 300 ಡಿಗ್ರಿಗೆ ಇಳಿಯುತ್ತದೆ, ಆಗ ಅದು ಧಾರಾಳವಾಗಿ ನಡೆಯುತ್ತದೆ. ಒತ್ತಡ ಕಡಿಮೆ ಇರುವ ಚಿಕ್ಕ ಎಂಜಿನ್‌ಗಳು ಇನ್‌ಕೊನೆಲ್‌ನಲ್ಲಿ ಬರುವುದಕ್ಕೂ ದೊಡ್ಡವು ತಾಮ್ರವನ್ನೇ ಹಿಡಿದುಕೊಂಡಿರುವುದಕ್ಕೂ ಇದೇ ಕಾರಣ. ಮುಂದಿನ ಜಗಳವೆಲ್ಲ ಇಲ್ಲಿಂದ ಹುಟ್ಟುತ್ತದೆ.

ಕಾರ್ಬನ್-ಕಾರ್ಬನ್ ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಕಂಠ ದಾಟಿದ ಮೇಲೆ ಅನಿಲ ಹಿಗ್ಗಿ ತೆಳುವಾಗುತ್ತದೆ, ಗೋಡೆಗೆ ಶಾಖ ಕಡಿಮೆಯಾಗುತ್ತದೆ. ಅಗಲವಾಗುತ್ತ ಹೋಗುವ ಆ ತುದಿಗೆ ಕಾಲುವೆ ಬೇಕಿಲ್ಲ. ಕೆಂಪಗೆ ಕಾದು ಶಾಖವನ್ನು ಹೊರಕ್ಕೆ ಸೂಸಿದರೆ ಸಾಕು. ಪಿಎಸ್4ನಲ್ಲಿ ಆ ಭಾಗ ಕೊಲಂಬಿಯಂ (ನಿಯೋಬಿಯಂನ ಹಳೆಯ ಹೆಸರು) ಮಿಶ್ರಲೋಹದ್ದು. ಅದರ ಜಾಗಕ್ಕೆ ಕಾರ್ಬನ್-ಕಾರ್ಬನ್ ಬಂದರೆ ತೂಕ ಸುಮಾರು 67% ಇಳಿಯುತ್ತದೆ, ರಾಕೆಟ್ 15 ಕೆ.ಜಿ.ವರೆಗೆ ಹೆಚ್ಚು ಹೊರೆ ಒಯ್ಯಬಹುದು ಎಂಬುದು ಇಸ್ರೊ ಲೆಕ್ಕ. ಎರಡು ಸುದ್ದಿಗಳೂ ಒಂದೇ ಎಂಜಿನ್ನಿನ ಬೇರೆ ಬೇರೆ ತುದಿಗಳ ಬಗ್ಗೆ ಇದ್ದವು.

ಕೊಳವೆ ಕಟ್ಟುವ ದಾರಿ

ಕಾಲುವೆಯ ಗೋಡೆ ಮಾಡಲು ಅಮೆರಿಕದವರು 1950–60ರ ದಶಕದಲ್ಲಿ ಹಿಡಿದ ದಾರಿ ಕೊಳವೆಗಳದ್ದು. ತೆಳು ಕೊಳವೆಗಳನ್ನು ನಾಜಲ್ಲಿನ ಆಕಾರಕ್ಕೆ ಬಗ್ಗಿಸಿ, ಒಂದರ ಪಕ್ಕ ಒಂದು ನಿಲ್ಲಿಸಿ, ಕುಲುಮೆಯಲ್ಲಿ ಬ್ರೇಜಿಂಗ್ ಮಾಡಿದರೆ, ಅಂದರೆ ಬೇಗ ಕರಗುವ ಬೆಸುಗೆ ಲೋಹವನ್ನು ಸಂದಿಗೆ ಹರಿಸಿ ಅಂಟಿಸಿದರೆ, ಆ ಕೊಳವೆ ಸಾಲೇ ಗೋಡೆ. ಚಂದ್ರಯಾನಿಗಳನ್ನು ಹೊತ್ತ ಸ್ಯಾಟರ್ನ್-5ರ ಎಫ್-1 ಎಂಜಿನ್ ಹೀಗೇ ಆದದ್ದು. ಸ್ಪೇಸ್ ಶಟಲ್‌ನ ಮುಖ್ಯ ಎಂಜಿನ್ನಿನ ನಾಜಲ್ಲಿಗೆ 1080 ಕೊಳವೆ. ಕಂಠದ ಕಡೆ ಕಿರಿದು, ತುದಿಯ ಕಡೆ ಅಗಲ. ಪ್ರತಿ ಕೊಳವೆಯನ್ನೂ ಹಾಗೆ ತಿದ್ದಬೇಕು. ಹಗುರವಾಗಿ ಬರುತ್ತದೆ, ದೊಡ್ಡದಾಗಿಯೂ ಮಾಡಬಹುದು. ಕಷ್ಟ ಏನೆಂದರೆ ಸಾವಿರ ಕೊಳವೆ ಎಂದರೆ ಸಾವಿರ ಜಂಟಿ.

ತೆಳು ಕೊಳವೆಗಳೂ ಎಷ್ಟು ನಾಜೂಕು ಎಂದು ಗೊತ್ತಾದದ್ದು 1999ರ ಜುಲೈ 23ರಂದು. ಕೊಲಂಬಿಯಾ ಶಟಲ್ ಏರುವಾಗ ಎಂಜಿನ್ನಿನೊಳಗಿನ ಒಂದು ಸಣ್ಣ ಪಿನ್ನು ಕಳಚಿ ನಾಜಲ್ಲಿಗೆ ಬಡಿಯಿತು, 1080ರಲ್ಲಿ ಮೂರು ಕೊಳವೆ ಒಡೆದವು. ಹೈಡ್ರೋಜನ್ ಸೋರತೊಡಗಿತು, ಆ ಕೊರತೆ ತುಂಬಲು ನಿಯಂತ್ರಕ ಹೆಚ್ಚು ಆಕ್ಸಿಜನ್ ಬಿಟ್ಟಿತು, ಆಕ್ಸಿಜನ್ ಮೊದಲೇ ಮುಗಿಯುತ್ತ ಬಂದು ಎಂಜಿನ್‌ಗಳು ತುಸು ಬೇಗ ನಿಂತವು. ಶಟಲ್ ಗುರಿಗಿಂತ ಸ್ವಲ್ಪ ಕೆಳಗಿನ ಕಕ್ಷೆ ಸೇರಿತು. ಯುರೋಪಿನವರಿಗೆ ಅಷ್ಟು ಅದೃಷ್ಟವಿರಲಿಲ್ಲ. 2002ರ ಡಿಸೆಂಬರ್ 11ರಂದು ಹೊಸ ಏರಿಯಾನ್-5 ಇಸಿಎ ಮೊದಲ ಸಲ ಹಾರಿದಾಗ ವಲ್ಕೇನ್-2 ಎಂಜಿನ್ನಿನ ನಾಜಲ್ ಕೊಳವೆಗಳು ಬಿರುಕುಬಿಟ್ಟು, ತಂಪು ತಪ್ಪಿ, ನಾಜಲ್ಲೇ ಸೊಟ್ಟಗಾಯಿತು. ರಾಕೆಟ್ಟೂ ಹೋಯಿತು, ಅದರಲ್ಲಿದ್ದ ಎರಡು ಉಪಗ್ರಹಗಳೂ ಹೋದವು.

ಕಾಲುವೆ ಕೊರೆದು ಮುಚ್ಚುವ ದಾರಿ

ಒತ್ತಡ ಏರಿದಂತೆ ಕಂಠಕ್ಕೆ ಕೊಳವೆ ಸಾಲದಾಯಿತು. ದಪ್ಪ ತಾಮ್ರದ ಒಳಗೋಡೆ ಮಾಡಿ, ಹೊರಮೈಯಲ್ಲಿ ಉದ್ದುದ್ದ ಕಾಲುವೆ ಕೊರೆದು, ಮೇಲಿನಿಂದ ಮುಚ್ಚುವ ಪದ್ಧತಿ ಬಂತು. ಸೋವಿಯತ್ ಎಂಜಿನಿಯರುಗಳು ಇದರಲ್ಲಿ ಬಹಳ ಪಳಗಿದವರು. ಭಾರತದ ಕ್ರಯೋಜೆನಿಕ್ ದಹನ ಕೋಣೆಗಳೂ ಇದೇ ಮನೆತನದವು: ಒಳಗೆ ತಾಮ್ರ, ಹೊರಗೆ ಸ್ಟೇನ್‌ಲೆಸ್ ಸ್ಟೀಲ್, ನಡುವೆ ಬ್ರೇಜಿಂಗ್.

ಶಟಲ್ ಎಂಜಿನ್ನಿನ ಒಳಗೋಡೆಯಲ್ಲಿ ಹೀಗೆ ಕೊರೆದ ಕಾಲುವೆಗಳು 390. ತೆಳುವಾದ ಬಿಲ್ಲೆ ಕಟರ್ ತಾಮ್ರದೊಳಗೆ ಇಳಿದು, ಬಾಗಿದ ಮೈಯನ್ನು ಅನುಸರಿಸುತ್ತ ತುದಿಯಿಂದ ತುದಿಗೆ ಸಾಗಬೇಕು. ತಾಮ್ರ ಮೆದು, ಕಟರಿಗೆ ಅಂಟುತ್ತದೆ, ಅಂಚಿನಲ್ಲಿ ಬರ್, ಅಂದರೆ ಲೋಹದ ಸಣ್ಣ ಮುಳ್ಳು, ಬಿಡುತ್ತದೆ. ಬಿಟ್ಟ ಒಂದು ಬರ್ ಕಾಲುವೆಯ ಬಾಯಿ ಕಟ್ಟಲು ಸಾಕು. ಕಾಲುವೆಯ ತಳದಲ್ಲಿ ಉಳಿಯಬೇಕಾದದ್ದು 0.7 ಮಿಲಿಮೀಟರ್. ಕಟರ್ 0.1 ಹೆಚ್ಚು ಇಳಿದರೆ ಗೋಡೆಯ ಏಳನೇ ಒಂದು ಭಾಗ ಹೋಯಿತು. ಆದ್ದರಿಂದ ಅಲ್ಟ್ರಾಸಾನಿಕ್ ಅಳತೆ ಪ್ರತಿ ಹೆಜ್ಜೆಗೂ ಬೇಕು.

ಮುಚ್ಚುವುದಕ್ಕೆ ಎರಡು ಹಳೆಯ ಉಪಾಯಗಳಿವೆ. ಒಂದು ಎಲೆಕ್ಟ್ರೋಫಾರ್ಮಿಂಗ್. ಕಾಲುವೆಗಳಿಗೆ ಮೇಣ ತುಂಬಿ, ಮೇಣದ ಮೈಗೆ ವಿದ್ಯುತ್ ಹರಿಯಲೆಂದು ಬೆಳ್ಳಿಪುಡಿ ಉಜ್ಜಿ, ತೊಟ್ಟಿಯಲ್ಲಿ ಮುಳುಗಿಸಿ ನಿಧಾನಕ್ಕೆ ನಿಕಲ್ ಬೆಳೆಸುವುದು. ಹೈಡ್ರೋಜನ್ ತಗುಲಿದರೆ ನಿಕಲ್ ಪೆಡಸಾಗುತ್ತದೆ, ಹಾಗಾಗಿ ಮೊದಲು ತೆಳುವಾಗಿ ತಾಮ್ರ, ಆಮೇಲೆ ನಿಕಲ್. ಸಾಕಷ್ಟು ದಪ್ಪ ಬರಲು ವಾರಗಳೇ ಹಿಡಿಯುತ್ತವೆ. ಕೊನೆಗೆ ಮೇಣ ಕರಗಿಸಿ ತೆಗೆಯಬೇಕು, ಒಂದು ಚೂರೂ ಉಳಿಯಕೂಡದು.

ಇನ್ನೊಂದು ನಿರ್ವಾತ ಬ್ರೇಜಿಂಗ್. ಸ್ಟೀಲಿನ ಹೊರಗೋಡೆಯನ್ನು ತೊಡಿಸಿ, ನಡುವೆ ಬೆಸುಗೆ ಲೋಹದ ತೆಳು ಹಾಳೆ ಇಟ್ಟು, ಗಾಳಿ ತೆಗೆದ ಕುಲುಮೆಯಲ್ಲಿ ಕಾಯಿಸುತ್ತಾರೆ. ಹಾಳೆ ಕರಗಿ, ಎರಡು ಮೈಗಳ ನಡುವಿನ ಸಂದಿಗೆ ತಾನೇ ಎಳೆದುಕೊಳ್ಳುತ್ತದೆ. ಸಂದಿ ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತ ಅಗಲವಾದರೆ ಆ ಎಳೆತ ಸಾಲದು, ಕಾಲುವೆ ನಡುವಿನ ದಿಂಡು ಹೊರಗೋಡೆಗೆ ಅಂಟುವುದೇ ಇಲ್ಲ. ಒತ್ತಡ ಬಿದ್ದಾಗ ಅಲ್ಲಿಂದಲೇ ಕಿತ್ತುಬರುತ್ತದೆ. ಬೆಸುಗೆ ಲೋಹ ಹೆಚ್ಚಾದರೆ ಕಾಲುವೆಗೆ ಹರಿದು ಅದನ್ನೇ ಮುಚ್ಚುತ್ತದೆ. ಬೆರಳಿನ ಎಣ್ಣೆಗುರುತು ಉಳಿದಲ್ಲಿ ಲೋಹ ಹರಡುವುದೇ ಇಲ್ಲ. ತಾಮ್ರ ಮತ್ತು ಸ್ಟೇನ್‌ಲೆಸ್ ಕಾದಾಗ ಹಿಗ್ಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಆದ್ದರಿಂದ ಈ ಜೋಡಿ ಒಗ್ಗುತ್ತದೆ. ಕುಲುಮೆಯಿಂದ ಹೊರಬಂದ ಮೇಲೆ ಒಳಗೆ ಏನಾಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಎಕ್ಸ್-ರೇ, ಹೀಲಿಯಂ ಸೋರಿಕೆ ಪರೀಕ್ಷೆ, ಒತ್ತಡ ಪರೀಕ್ಷೆ, ನೀರು ಹರಿಸಿ ನೋಡುವುದು, ಇವೇ ಕಣ್ಣು.

ಇಷ್ಟೆಲ್ಲ ಸರಿಯಾದರೂ ತಾಮ್ರದ ಗೋಡೆಗೆ ಆಯುಸ್ಸು ಇದ್ದೇ ಇದೆ. ಎಂಜಿನ್ ಹೊತ್ತಿದಾಗ ಒಳಗೋಡೆ ಹಿಗ್ಗಲು ನೋಡುತ್ತದೆ, ತಣ್ಣಗಿರುವ ಹೊರಗೋಡೆ ಬಿಡುವುದಿಲ್ಲ; ಮೆದು ತಾಮ್ರ ಅಲ್ಲೇ ಅಮುಕಿಹೋಗುತ್ತದೆ. ಆರಿದಾಗ ಉಲ್ಟಾ ಎಳೆತ. ಪ್ರತಿ ಸಲವೂ ಕಾಲುವೆಯ ತಳ ಬೆಂಕಿಯ ಕಡೆಗೆ ಒಂದಿಷ್ಟು ಉಬ್ಬಿ ತೆಳುವಾಗುತ್ತ, ಕೊನೆಗೆ ಉದ್ದಕ್ಕೆ ಸೀಳುತ್ತದೆ. ಎಂಜಿನ್ ಮರುಬಳಕೆಯ ಮಾತು ಬಂದಾಗ ಮೊದಲು ಕೇಳಬೇಕಾದ ಲೆಕ್ಕ ಇದು: ಎಷ್ಟು ಸಲ ಹೊತ್ತಿಸಬಹುದು?

ಪುಡಿಯಿಂದ ಕಟ್ಟುವ ದಾರಿ

ಪಿಎಸ್4 ಪ್ರಿಂಟ್ ಆದದ್ದು ಲೇಸರ್ ಪೌಡರ್ ಬೆಡ್ ಪದ್ಧತಿಯಲ್ಲಿ, ವಿಪ್ರೊ ತ್ರೀಡಿಯ ಕೈಯಲ್ಲಿ. 14 ಬಿಡಿಭಾಗಗಳು ಒಂದೇ ಆದವು, 19 ವೆಲ್ಡ್ ಜಂಟಿಗಳು ಇಲ್ಲವಾದವು. ಮೊದಲು ಒಂದು ಎಂಜಿನ್ನಿಗೆ 565 ಕೆ.ಜಿ. ಫೋರ್ಜಿಂಗ್ (ಕಾಯಿಸಿ ಬಡಿದು ರೂಪಿಸಿದ ಲೋಹದ ದಿಮ್ಮಿ) ಮತ್ತು ಹಾಳೆ ಬೇಕಿತ್ತು, ಈಗ 13.7 ಕೆ.ಜಿ. ಪುಡಿ. ಇಷ್ಟು ದೊಡ್ಡ ಅಂತರ ಏಕೆ ಎಂಬುದು ಲೇತ್ ನೋಡಿದವರಿಗೆ ತಿಳಿಯುತ್ತದೆ. ದಿಮ್ಮಿಯಿಂದ ಟೊಳ್ಳು ಗಂಟೆಯ ಆಕಾರ ಕಡೆದರೆ ದಿಮ್ಮಿಯ ಬಹುಪಾಲು ಚಿಪ್ಸ್ ಆಗಿ ನೆಲಕ್ಕೆ ಬೀಳುತ್ತದೆ. ಪ್ರಿಂಟರ್ ಬೇಕಾದ ಕಡೆ ಮಾತ್ರ ಲೋಹ ಇಡುತ್ತದೆ. ಒಟ್ಟು ತಯಾರಿಕೆಯ ಸಮಯ 60% ಇಳಿಯಿತು ಎಂದು ಇಸ್ರೊ ಹೇಳಿದೆ.

ಕೆಲಸ ಹೀಗೆ ನಡೆಯುತ್ತದೆ. 15ರಿಂದ 45 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಕಣಗಳ ಲೋಹದ ಪುಡಿಯನ್ನು ಆರ್ಗಾನ್ ತುಂಬಿದ ಪೆಟ್ಟಿಗೆಯಲ್ಲಿ 40 ಮೈಕ್ರಾನ್ ಆಸುಪಾಸಿನ ಪದರವಾಗಿ ಹರಡುತ್ತಾರೆ, ಬೇಕಾದ ಗೆರೆಯಲ್ಲಿ ಲೇಸರ್ ಅದನ್ನು ಕರಗಿಸುತ್ತದೆ, ಹಲಗೆ ಒಂದು ಪದರದಷ್ಟು ಕೆಳಗಿಳಿಯುತ್ತದೆ, ಮತ್ತೆ ಪುಡಿ. 300 ಮಿಲಿಮೀಟರ್ ಎತ್ತರಕ್ಕೆ 7500 ಪದರ. 45 ಡಿಗ್ರಿಗಿಂತ ಹೆಚ್ಚು ಚಾಚಿದ ಮೈಗೆ ಕೆಳಗಿನಿಂದ ಆಸರೆ ಬೇಕು, ಕಾಲುವೆಯೊಳಗೆ ಆಸರೆ ಇಟ್ಟರೆ ತೆಗೆಯಲಾಗದು. ಹಾಗಾಗಿ ಅಡ್ಡ ಹಾಯುವ ಕಾಲುವೆಗಳ ಮೇಲ್ಭಾಗವನ್ನು ನೀರಹನಿಯಂತೆ ಚೂಪಾಗಿ ಬಿಡಿಸುತ್ತಾರೆ. ಹಳೆಯ ನಕ್ಷೆಯನ್ನು ಹಾಗೇ ಪ್ರಿಂಟರಿಗೆ ಕೊಟ್ಟರೆ ಆಗದು. ಪಿಎಸ್4ನ್ನೂ ಪ್ರಿಂಟಿಂಗಿಗೆ ಒಗ್ಗುವಂತೆ ಹೊಸದಾಗಿ ವಿನ್ಯಾಸ ಮಾಡಬೇಕಾಯಿತು.

ಪ್ರಿಂಟ್ ಮುಗಿದಾಗ ಕಾಲುವೆಗಳೆಲ್ಲ ಕರಗದ ಪುಡಿಯಿಂದ ತುಂಬಿರುತ್ತವೆ. ತುಂಡನ್ನು ತಿರುಗಿಸಿ, ಕಂಪಿಸಿ, ಗ್ಯಾಸ್ ಊದಿ ಅದನ್ನು ಹೊರಗೆ ಹಾಕಬೇಕು, ಅದೂ ಕುಲುಮೆಗೆ ಇಡುವ ಮುಂಚೆ. ಶಾಖ ಚಿಕಿತ್ಸೆಯಲ್ಲಿ ಉಳಿದ ಪುಡಿ ಗಟ್ಟಿಕಟ್ಟಿದರೆ ಮತ್ತೆ ಬರುವುದಿಲ್ಲ. ತೂಕ ನೋಡಿದರೆ ಗೊತ್ತಾಗದೇ? ಲೆಕ್ಕ ಹಾಕೋಣ. 1 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ಆಳದ ಕಾಲುವೆಯಲ್ಲಿ 20 ಮಿಲಿಮೀಟರ್ ಉದ್ದಕ್ಕೆ ಇನ್‌ಕೊನೆಲ್ ಪುಡಿ ಕೂತರೆ ಅದರ ತೂಕ ಸುಮಾರು 0.2 ಗ್ರಾಂ. ಹತ್ತು ಕೆ.ಜಿ.ಯ ತುಂಡಿನಲ್ಲಿ ತಕ್ಕಡಿ ಅದನ್ನು ಹೇಳುವುದಿಲ್ಲ. ಸಿಟಿ ಸ್ಕ್ಯಾನ್ ಮಾಡಬೇಕು, ಲೋಹ ದಪ್ಪವಾದಷ್ಟೂ ಎಕ್ಸ್-ರೇ ತೂರುವುದು ಕಷ್ಟವಾಗುತ್ತದೆ.

ಪುಡಿಯ ಜೋಪಾನವೂ ಸಣ್ಣದಲ್ಲ. ಕಣದಲ್ಲಿ ಒಣಗಿಸಿದ ಕಾಫಿ ಆಟಿಯ ಮಳೆಯಲ್ಲಿ ತೇವ ಎಳೆದುಕೊಳ್ಳುವುದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಲೋಹದ ಪುಡಿಗೂ ಅದೇ ಗತಿ. ತೇವ ಹಿಡಿದ ಪುಡಿ ಸಮವಾಗಿ ಹರಡುವುದಿಲ್ಲ, ಕರಗುವಾಗ ಗುಳ್ಳೆ ಬಿಡುತ್ತದೆ, ಗುಳ್ಳೆ ಉಳಿದಲ್ಲಿ ಗೋಡೆ ಟೊಳ್ಳು.

ಇನ್ನೊಂದು ತೊಂದರೆ ಒರಟು ಮೈ. ಪ್ರಿಂಟ್ ಆದ ಕಾಲುವೆಯ ಒಳಮೈ ಮಿಲ್ಲಿಂಗ್ ಮಾಡಿದ್ದಕ್ಕಿಂತ ಬಹಳ ತರಿತರಿ. ತರಿ ಇದ್ದಾಗ ಹರಿವು ಕಲಕಿ ಶಾಖ ಚೆನ್ನಾಗಿ ಎಳೆಯುತ್ತದೆ, ಅದು ಲಾಭ. ಆದರೆ ಘರ್ಷಣೆ ಹೆಚ್ಚಿ ಒತ್ತಡ ನಷ್ಟವಾಗುತ್ತದೆ. ಟ್ಯಾಂಕಿನ ಒತ್ತಡದಿಂದಲೇ ನಡೆಯುವ ಎಂಜಿನ್ನಾದರೆ ಆ ನಷ್ಟ ತುಂಬಲು ಟ್ಯಾಂಕನ್ನು ದಪ್ಪ ಮಾಡಬೇಕು, ಉಳಿಸಿದ ತೂಕ ಅಲ್ಲಿ ಹೋಗುತ್ತದೆ.

ತಾಮ್ರದ್ದು ಬೇರೆಯೇ ಹಟ. ಸಾಮಾನ್ಯ ಲೇಸರಿನ ಅವಗೆಂಪು ಬೆಳಕಿನ ಬಹುಪಾಲನ್ನು ಅದು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಹೀರಿದ ಶಾಖವನ್ನೂ ತಕ್ಷಣ ಸುತ್ತ ಹಂಚಿಬಿಡುತ್ತದೆ. ಹೆಚ್ಚು ಶಕ್ತಿಯ ಲೇಸರ್, ಹಸಿರು ಲೇಸರ್, ಮತ್ತು ನಾಸಾ ರೂಪಿಸಿದ ತಾಮ್ರ-ಕ್ರೋಮಿಯಂ-ನಿಯೋಬಿಯಂನ ಜಿಆರ್‌ಕಾಪ್ ಮಿಶ್ರಲೋಹ ಬಂದ ಮೇಲೆ ಈ ಬಾಗಿಲು ತೆರೆಯಿತು.

ಎರಡು ವಾದ

ಪ್ರಿಂಟಿಂಗ್ ಪರ ಇರುವವರ ಮಾತು: ಎಂಜಿನ್‌ಗಳು ಕೆಟ್ಟಿರುವುದು ಹೆಚ್ಚಾಗಿ ಜಂಟಿಗಳಲ್ಲಿ, ಜಂಟಿಯೇ ಇಲ್ಲದಿದ್ದರೆ ಆ ಚಿಂತೆಯೂ ಇಲ್ಲ. ಮೇಲಾಗಿ ಪಿಎಸ್‌ಎಲ್‌ವಿಯಂಥ ರಾಕೆಟ್ಟಿಗೆ ವರ್ಷಕ್ಕೆ ಬೇಕಾಗುವ ಎಂಜಿನ್ ಕೆಲವೇ. ಅಷ್ಟಕ್ಕೆ ಅಚ್ಚು, ಫಿಕ್ಸ್‌ಚರ್, ಫೋರ್ಜಿಂಗ್ ತರಿಸಿ ತಿಂಗಳುಗಟ್ಟಲೆ ಕಾಯುವುದು ನಷ್ಟ. ವಿನ್ಯಾಸ ಬದಲಿಸಬೇಕೆಂದರೆ ಫೈಲ್ ಬದಲಿಸಿದರೆ ಮುಗಿಯಿತು.

ಹಳೆಯ ದಾರಿಯವರ ಮಾತು: ಮಿಲ್ಲಿಂಗ್ ಮಾಡಿದ ಕಾಲುವೆಯನ್ನು ಮುಚ್ಚುವ ಮೊದಲು ಕಣ್ಣಾರೆ ನೋಡಬಹುದು, ಮುಟ್ಟಿ ಅಳೆಯಬಹುದು. ಪ್ರಿಂಟ್ ಆದ ತುಂಡು ಹುಟ್ಟುವಾಗಲೇ ಮುಚ್ಚಿಕೊಂಡಿರುತ್ತದೆ. 14 ಭಾಗಗಳಲ್ಲಿ ಒಂದು ಕೆಟ್ಟರೆ ಒಂದನ್ನು ಎಸೆಯುತ್ತೀರಿ, ಒಂದೇ ತುಂಡಿನಲ್ಲಿ 7000ನೇ ಪದರ ಕೆಟ್ಟರೆ ಇಡೀ ಎಂಜಿನ್ ಗುಜರಿ. ಪ್ರಿಂಟರಿನ ಪೆಟ್ಟಿಗೆಗಿಂತ ದೊಡ್ಡ ನಾಜಲ್ ಅದರಲ್ಲಿ ಹಿಡಿಯುವುದೂ ಇಲ್ಲ.

ಎರಡೂ ವಾದ ಸರಿ, ಅವು ಬೇರೆ ಬೇರೆ ಗಾತ್ರದ ಎಂಜಿನ್‌ಗಳ ಬಗ್ಗೆ ಆಡುವ ಮಾತುಗಳು. ಕೆಲವು ಕಿಲೋನ್ಯೂಟನ್ ನೂಕುಬಲದ ಚಿಕ್ಕ ಎಂಜಿನ್ನಿನಲ್ಲಿ ಪ್ರಿಂಟಿಂಗ್ ಗೆದ್ದಾಗಿದೆ ಎಂದು ನಿಸ್ಸಂಕೋಚವಾಗಿ ಹೇಳಬಹುದು. ದೊಡ್ಡ ನಾಜಲ್‌ಗಳಲ್ಲಿ ಗೆದ್ದಿರುವುದು ಬೆರಕೆ ದಾರಿ. 2024ರ ಜುಲೈ 9ರಂದು ಮೊದಲ ಸಲ ಹಾರಿದ ಏರಿಯಾನ್-6ರ ವಲ್ಕೇನ್ 2.1 ನಾಜಲ್ ಎರಡೂವರೆ ಮೀಟರ್ ಅಗಲ. ಕಾಲುವೆಗಳ ಮೇಲೆ ಹಾಳೆ ಹೊದಿಸಿ ಲೇಸರಿನಿಂದ ವೆಲ್ಡ್ ಮಾಡಿ, ಹೊರಗಿನಿಂದ ಬಲ ಕೊಡುವ ಪಟ್ಟಿಗಳನ್ನು ಲೋಹ ಸುರಿದು ಬೆಳೆಸುತ್ತಾರೆ. ಸುಮಾರು ಸಾವಿರ ಭಾಗಗಳಿದ್ದದ್ದು ನೂರಕ್ಕೆ ಇಳಿದಿದೆ. ಸುಮಾರು ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಕಾಲುವೆಯುಳ್ಳ ನಾಜಲ್ಲನ್ನು ನಾಸಾದವರು ಪುಡಿ ಊದಿ ಲೇಸರಿನಿಂದ ಕರಗಿಸುತ್ತ 30 ದಿನದಲ್ಲಿ ಬೆಳೆಸಿದರು. ಹಳೆಯ ವೆಲ್ಡಿಂಗ್ ದಾರಿಯಲ್ಲಿ ಅದಕ್ಕೆ ಹತ್ತಿರ ಹತ್ತಿರ ಒಂದು ವರ್ಷ.

ನಮ್ಮಲ್ಲಿ ಇದು ತೀರ್ಮಾನವಾಗಬೇಕಿರುವುದು ಸೆಮಿ-ಕ್ರಯೋಜೆನಿಕ್ ಎಂಜಿನ್ನಿನಲ್ಲಿ. 2000 ಕಿಲೋನ್ಯೂಟನ್ ನೂಕುಬಲದ ಆ ಎಂಜಿನ್ನಿನ ಪವರ್ ಹೆಡ್ (ಇಂಧನ ತಳ್ಳುವ ಪಂಪು, ಟರ್ಬೈನುಗಳಿರುವ) ಭಾಗವನ್ನು 2025ರ ಮಾರ್ಚ್ 28ರಂದು ಮಹೇಂದ್ರಗಿರಿಯಲ್ಲಿ ಎರಡೂವರೆ ಸೆಕೆಂಡ್ ಉರಿಸಿದರು. ಆ ಪರೀಕ್ಷೆಯಲ್ಲಿ ಇಲ್ಲದಿದ್ದ ಒಂದೇ ದೊಡ್ಡ ಭಾಗ ದಹನ ಕೋಣೆ ಮತ್ತು ನಾಜಲ್. ಅಲ್ಲಿ ಕಾಲುವೆಯಲ್ಲಿ ಹರಿಯಬೇಕಾದದ್ದು ಸೀಮೆಎಣ್ಣೆ ಜಾತಿಯ ಇಂಧನ. ಗೋಡೆ ಹೆಚ್ಚು ಕಾದರೆ ಅದು ಕರಕಲಾಗಿ ಕಾಲುವೆಗೆ ಅಂಟುತ್ತದೆ, ಅಂಟಿದ ಕಡೆ ಹರಿವು ತಗ್ಗಿ ಇನ್ನೂ ಕಾಯುತ್ತದೆ. ಹೈಡ್ರೋಜನ್ ಎಂಜಿನ್ನಿಗೆ ಇಲ್ಲದ ಕಾಟ. ಅಷ್ಟು ದೊಡ್ಡ ತಾಮ್ರದ ಕೋಣೆಗೆ ಕುಲುಮೆ ಬೇಡವೆನ್ನುವ ದಿನ ಸದ್ಯಕ್ಕೆ ಹತ್ತಿರವಿಲ್ಲ.

ಕುಶಾಲನಗರದಿಂದ ನೋಡಿದರೆ

ವೆಲ್ಡರ್ ಕೆಲಸ ಹೋಗುತ್ತದೆಯೇ ಎಂಬ ಭಯಕ್ಕೆ ನೇರ ಉತ್ತರ: ಜಂಟಿ ಬೆಸೆಯುವ ಕೆಲಸ ಕಡಿಮೆಯಾಗುತ್ತದೆ, ಒಳಗೆ ಏನಾಗಿದೆ ಎಂದು ಪತ್ತೆ ಮಾಡುವ ಕೆಲಸ ಹೆಚ್ಚುತ್ತದೆ. ಎಕ್ಸ್-ರೇ, ಅಲ್ಟ್ರಾಸಾನಿಕ್, ಸಿಟಿ ಸ್ಕ್ಯಾನ್ ಚಿತ್ರ ಓದುವವರು, ಹರಿವು ಅಳೆಯುವವರು, ಪ್ರಿಂಟ್ ಆದ ತುಂಡಿನ ಫ್ಲ್ಯಾಂಜ್ ಕಡೆಯುವವರು ಎಲ್ಲ ದಾರಿಯಲ್ಲೂ ಬೇಕು. ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಪೊನ್ನಂಪೇಟೆಯಲ್ಲೋ ಓದುವವರು ಲೋಹದ ಪ್ರಿಂಟರ್ ಬರಲೆಂದು ಕಾಯಬೇಕಿಲ್ಲ. ಹೂಮಳೆ ಕೈಕೊಟ್ಟ ಫೆಬ್ರವರಿಯಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಮೂಲ ಪಾಠ ಗೊತ್ತೇ ಇದೆ: ಒಂದು ಸಾಲಿನಲ್ಲಿ ಕಸ ಕಟ್ಟಿದರೆ ಪಂಪಿನ ಹತ್ತಿರದ ಮೀಟರ್ ಏನೂ ಹೇಳುವುದಿಲ್ಲ, ಆ ಸಾಲಿನ ಗಿಡ ಮಾತ್ರ ಒಣಗುತ್ತದೆ.

ಇದನ್ನೇ ಮೇಜಿನ ಮೇಲೆ ಮಾಡಿ ನೋಡಬಹುದು. ಒಂದೇ ಅಳತೆಯ 12 ಸಣ್ಣ ಕೊಳವೆಗಳನ್ನು ಒಂದು ಪೆಟ್ಟಿಗೆ ಬಾಯಿಗೆ ಸೇರಿಸಿ, ನೀರಿನ ಮಟ್ಟ ಬದಲಾಗದಂತೆ ಮೇಲಿನಿಂದ ಬಿಟ್ಟು, ಪ್ರತಿ ಕೊಳವೆಯ ಕೆಳಗೂ ಅಳತೆ ಜಾಡಿ ಇಟ್ಟು, ಒಂದು ನಿಮಿಷದ ನೀರು ಅಳೆಯಿರಿ. ಆಮೇಲೆ ಒಂದು ಕೊಳವೆಯನ್ನು ಮೇಣದಿಂದ ಪೂರ್ತಿ ಮುಚ್ಚಿ ಮತ್ತೆ ಅಳೆಯಿರಿ. ಒಟ್ಟು ನೀರು ಹನ್ನೆರಡನೇ ಒಂದು ಭಾಗ, ಅಂದರೆ ಸುಮಾರು 8% ಇಳಿಯುತ್ತದೆ, ಮೀಟರಿನಲ್ಲಿ ಕಾಣುತ್ತದೆ. ಅದೇ 390 ಕಾಲುವೆಗಳಿದ್ದು ಒಂದು ಮುಚ್ಚಿದ್ದರೆ ಇಳಿತ 0.26%. ಅದು ಸಾಧಾರಣ ಮೀಟರಿನ ತಪ್ಪಿನೊಳಗೇ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಕೊಳವೆಯದಾಗಲಿ, ಬ್ರೇಜಿಂಗ್‌ನದಾಗಲಿ, ಪ್ರಿಂಟ್ ಆದದ್ದಾಗಲಿ, 390ನ್ನೂ ಒಂದೊಂದಾಗಿ ಅಳೆಯಲೇಬೇಕು.